ಲೆಕ್ಕ ಸರಿ, ಬಿಲ್ಲು ಖಾಲಿ: ರಿಟರ್ನ್ ದೋಷ ಹುಡುಕುವ ಕೈಪಿಡಿ

ಫಂಕ್ಷನ್ ಒಳಗೆ ಲೆಕ್ಕ ಸರಿಯಾಗಿ ಆಗುತ್ತದೆ. ಪರದೆಯ ಮೇಲೆ ಸರಿಯಾದ ಅಂಕಿಯೂ ಕಾಣುತ್ತದೆ. ಆದರೆ ಬಿಲ್ಲಿಗೆ ಬರುವ ಹೊತ್ತಿಗೆ ಅದು ಮಾಯ. ಅದರ ಜಾಗದಲ್ಲಿ ‘ನನ್’ (‘ಏನೂ ಇಲ್ಲ’ ಅನ್ನುವುದಕ್ಕೆ ಪೈಥಾನ್ ಭಾಷೆಯ ಗುರುತು) ಅಂತ ಬರುತ್ತದೆ, ಇಲ್ಲಾ ಸೊನ್ನೆ, ಇಲ್ಲಾ ಸಂಬಂಧವೇ ಇಲ್ಲದ ಯಾವುದೋ ಅಂಕಿ. ಕಲಬುರಗಿಯಲ್ಲಿ ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಓದುವವರು ಪ್ರಾಜೆಕ್ಟ್ ತೋರಿಸಲು ಬಂದಾಗ ನಾನು ಜಾಸ್ತಿ ಕೇಳುವ ಮಾತು ಇದೇ: “ಲೆಕ್ಕ ಬರೋಬ್ಬರಿ ಅದ ರೀ ಸರ್, ಆದ್ರ ಬಿಲ್ಲಿನಾಗ ಬರವಲ್ದು.” ಇಷ್ಟು ಕೇಳಿದ ಮೇಲೆ ಸೂತ್ರ ನೋಡುವ ಅಗತ್ಯ ಬಹುತೇಕ ಇರುವುದಿಲ್ಲ. ರಿಟರ್ನ್ ಎಲ್ಲಿದೆ ಅಂತ ನೋಡಬೇಕು.

ರಿಟರ್ನ್ ಒಂದೇ ಸಾಲಿನಲ್ಲಿ ಎರಡು ಕೆಲಸ ಮಾಡುತ್ತದೆ. ಫಂಕ್ಷನ್ ಅನ್ನು ಅಲ್ಲಿಗೇ ನಿಲ್ಲಿಸುತ್ತದೆ. ಜೊತೆಗೆ, ಕರೆದ ಜಾಗಕ್ಕೆ ಒಂದು ವ್ಯಾಲ್ಯೂ ಕೊಡುತ್ತದೆ. ಬರೆಯುವಾಗ ಒಂದು ಕೆಲಸ ನೆನಪಿರುತ್ತದೆ, ಇನ್ನೊಂದು ಮರೆತುಹೋಗುತ್ತದೆ. ಕೆಳಗೆ ಬರುವ ದೋಷಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಮರೆವಿನಿಂದಲೇ. ಹಾಗಾಗಿ ಯಾವ ದೋಷ ಬಂದರೂ ಮೊದಲು ಕೇಳಿಕೊಳ್ಳಿ: ನಾನು ಮರೆತಿರುವುದು ನಿಲ್ಲಿಸುವುದನ್ನೋ, ಕೊಡುವುದನ್ನೋ?

ಉದಾಹರಣೆಗೆ ನಮ್ಮ ಗಂಜಿನ (ಕಾಳು-ಧಾನ್ಯದ ಮಾರುಕಟ್ಟೆಯ) ಕೆಲಸವನ್ನೇ ತೆಗೆದುಕೊಂಡಿದ್ದೇನೆ. ಅಡತಿ (ಕಮಿಷನ್ ಏಜೆಂಟರ) ಅಂಗಡಿಯೊಂದಕ್ಕೆ ತೊಗರಿಯ ಬಿಲ್ಲು ಮಾಡುವ ಸಣ್ಣ ಪ್ರೋಗ್ರಾಂ. ದರ ಕ್ವಿಂಟಾಲ್‌ಗೆ 8,000 ರೂಪಾಯಿ ಅಂತ ಹಿಡಿದಿದ್ದೇನೆ. ಅದು 2025-26ರ ಹಂಗಾಮಿನ ತೊಗರಿ ಬೆಂಬಲ ಬೆಲೆ. ಭಾಷೆ ಪೈಥಾನ್. ಓದಲು ಸುಲಭವಾಗಲಿ ಅಂತ ಕೋಡನ್ನು ಪೂರ್ತಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಡೆಫ್, ರಿಟರ್ನ್, ಇಫ್, ಪ್ರಿಂಟ್ ಇವೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ನೀವು ಇಡುವ ಹೆಸರುಗಳು ಕನ್ನಡದಲ್ಲಿದ್ದರೂ ಪೈಥಾನ್ 3 ಒಪ್ಪುತ್ತದೆ.

ಮೊದಲು ಕರೆದ ಜಾಗದಲ್ಲಿ ನೋಡಿ

ಡೆಫ್ ನಿವ್ವಳ_ತೂಕ(ಒಟ್ಟು, ಚೀಲ):
    ನಿವ್ವಳ = ಒಟ್ಟು - ಚೀಲ * 0.5
    ಪ್ರಿಂಟ್(ನಿವ್ವಳ)

ಮೊತ್ತ = ನಿವ್ವಳ_ತೂಕ(1010, 20) / 100 * 8000

ಒಟ್ಟು ತೂಕ 1010 ಕಿಲೋ. ಇಪ್ಪತ್ತು ಚೀಲ, ಒಂದಕ್ಕೆ ಅರ್ಧ ಕಿಲೋ ಕಳೆದರೆ 1000 ಕಿಲೋ. ಅಂದರೆ 10 ಕ್ವಿಂಟಾಲ್, 80,000 ರೂಪಾಯಿ ಬರಬೇಕು. ಪರದೆಯ ಮೇಲೆ 1000.0 ಅಂತ ಬರುತ್ತದೆ, ಮರುಕ್ಷಣ ಟೈಪ್ ಎರರ್. ‘ನನ್‌ಟೈಪ್’ ಅನ್ನು ಭಾಗಿಸಲು ಆಗುವುದಿಲ್ಲ ಅನ್ನುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಎರರ್ ತೋರಿಸುವ ಸಾಲಿನ ನಂಬರ್. ಅದು ಕೊನೆಯ ಸಾಲು, ಮೊತ್ತ ಹಾಕುವ ಸಾಲು. ಹೊಸಬರು ಆ ಸಾಲನ್ನೇ ತಿದ್ದುತ್ತಾ ಕೂರುತ್ತಾರೆ. ಭಾಗಾಕಾರ ಬದಲಿಸುತ್ತಾರೆ, ಬ್ರಾಕೆಟ್ ಸೇರಿಸುತ್ತಾರೆ, ಇಂಟ್ ಹಾಕಿ ನೋಡುತ್ತಾರೆ. ಆ ಸಾಲಿನಲ್ಲಿ ತಪ್ಪೇ ಇಲ್ಲ. ಫಂಕ್ಷನ್ ಏನನ್ನೂ ಕೊಡದೆ ಮುಗಿದರೆ ಪೈಥಾನ್ ಸದ್ದಿಲ್ಲದೆ ‘ನನ್’ ಕೊಡುತ್ತದೆ. ಅದನ್ನು ಲೆಕ್ಕಕ್ಕೆ ಬಳಸಿದ ಕಡೆ ಎರರ್ ಸಿಡಿಯುತ್ತದೆ. ದೋಷ ಹುಟ್ಟಿದ ಊರೇ ಬೇರೆ, ಸಿಕ್ಕಿಬಿದ್ದ ಊರೇ ಬೇರೆ.

ಪ್ರಿಂಟ್ ಮತ್ತು ರಿಟರ್ನ್ ಒಂದೇ ಅಂದುಕೊಳ್ಳುವುದು ಇದರ ಬೇರು. ತೂಕ ನೋಡಿಕೊಂಡು ಬಾ ಅಂತ ಒಬ್ಬ ಹುಡುಗನನ್ನು ಕಾಂಟಾಕ್ಕೆ (ತೂಕದ ಯಂತ್ರದ ಕಡೆಗೆ) ಕಳಿಸಿದಿರಿ. ಅವನು ಅಲ್ಲೇ ನಿಂತು ತೂಕವನ್ನು ಜೋರಾಗಿ ಕೂಗಿ, ಬರಿಗೈಲಿ ವಾಪಸ್ ಬಂದ. ಇದು ಪ್ರಿಂಟ್. ಚೀಟಿ ತಂದು ಮುನೀಮರ (ಲೆಕ್ಕ ಬರೆಯುವವರ) ಕೈಗೆ ಕೊಟ್ಟರೆ ಅದು ರಿಟರ್ನ್. ಬಿಲ್ಲು ಬರೆಯಲು ಮುನೀಮರಿಗೆ ಚೀಟಿಯೇ ಬೇಕು.

ಹಾಗಾಗಿ ಪತ್ತೆ ಕೆಲಸ ಹೀಗೆ ಶುರುವಾಗಲಿ. ಕರೆಯುವುದನ್ನೂ ಬಳಸುವುದನ್ನೂ ಎರಡು ಸಾಲಾಗಿ ಬಿಡಿಸಿ:

ಬಂದದ್ದು = ನಿವ್ವಳ_ತೂಕ(1010, 20)
ಪ್ರಿಂಟ್(ರೆಪ್ರ್(ಬಂದದ್ದು), ಟೈಪ್(ಬಂದದ್ದು))

ರೆಪ್ರ್ ಯಾಕೆ ಅಂದರೆ, ಸುಮ್ನೆ ಪ್ರಿಂಟ್ ಮಾಡಿದರೆ 1000 ಅನ್ನುವ ಅಂಕಿಯೂ 1000 ಅನ್ನುವ ಅಕ್ಷರಸಾಲೂ ಒಂದೇ ಥರ ಕಾಣುತ್ತವೆ. ರೆಪ್ರ್ ಆದರೆ ಅಕ್ಷರಸಾಲಿಗೆ ಕೋಟ್ ಗುರುತು ಹಾಕಿ ತೋರಿಸುತ್ತದೆ.

ಈ ಎರಡು ಸಾಲು ಹಾಕಿದರೆ ಅರ್ಧ ದಾರಿ ಸಾಗಿದಂತೆ. ಬಂದದ್ದು ಸರಿಯಿದ್ದರೆ ಫಂಕ್ಷನ್ ಮುಚ್ಚಿಬಿಡಿ, ದೋಷ ಅದರಾಚೆ ಇದೆ. ‘ನನ್’ ಬಂದರೆ ರಿಟರ್ನ್ ಇಲ್ಲ, ಇಲ್ಲವೇ ಆ ದಾರಿಯಲ್ಲಿ ಇಲ್ಲ. ‘ಫಂಕ್ಷನ್’ ಅನ್ನುವ ಪದದ ಜೊತೆ ಉದ್ದನೆಯ ಮೆಮೊರಿ ವಿಳಾಸ ಬಂದರೆ ಕರೆಯುವಾಗ ಬ್ರಾಕೆಟ್ ಬಿಟ್ಟಿದ್ದೀರಿ. ಟೈಪ್ ‘ಟಪಲ್’ (ವ್ಯಾಲ್ಯೂಗಳ ಕಟ್ಟು) ಅಂತ ಬಂದರೆ ರಿಟರ್ನ್ ಸಾಲಿನ ಕೊನೆಯಲ್ಲಿ ಒಂದು ಅಲ್ಪವಿರಾಮ ಉಳಿದುಕೊಂಡಿರಬಹುದು. ‘ರಿಟರ್ನ್ ಮೊತ್ತ,’ ಅಂತ ಬರೆದರೆ ಪೈಥಾನ್ ಅದನ್ನು ಒಂದೇ ಅಂಶದ ಟಪಲ್ ಮಾಡುತ್ತದೆ. ‘ಕೋರೂಟೀನ್’ ಬಂದರೆ, ಅಸಿಂಕ್ ಫಂಕ್ಷನ್ ಮುಗಿಯುವವರೆಗೆ ಕಾಯಿಸುವ ‘ಅವೇಟ್’ ಬಿಟ್ಟುಹೋಗಿದೆ. ಅಂಕಿಯೇ ಬಂದು ಅದು ತಪ್ಪಿದ್ದರೆ ಮುಂದೆ ಓದಿ.

ಮೊದಲ ಲಾಟ್ ಮಾತ್ರ ಬರುತ್ತದೆ

ನನ್ನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಕೆಟ್ಟ ದೋಷ. ಎರರ್ ಬರುವುದಿಲ್ಲ. ಬಿಲ್ಲು ಅಚ್ಚಾಗುತ್ತದೆ. ರೈತರ ಕೈಗೂ ಹೋಗುತ್ತದೆ.

ಡೆಫ್ ಒಟ್ಟು_ಮೊತ್ತ(ಪಟ್ಟಿ):
    ಮೊತ್ತ = 0
    ಫಾರ್ ಹಣ ಇನ್ ಪಟ್ಟಿ:
        ಮೊತ್ತ = ಮೊತ್ತ + ಹಣ
        ರಿಟರ್ನ್ ಮೊತ್ತ

ರಿಟರ್ನ್ ನಾಲ್ಕು ಸ್ಪೇಸ್ ಒಳಗೆ ಸರಿದಿದೆ, ಅಷ್ಟೇ. ಮೊದಲ ಸುತ್ತಿನಲ್ಲೇ ಫಂಕ್ಷನ್ ಮುಗಿಯಿತು. ಮೂರು ಲಾಟ್ (ಒಟ್ಟಿಗೆ ತೂಗಿ ಮಾರುವ ಮಾಲಿನ ರಾಶಿ) ತಂದವರಿಗೆ ಒಂದೇ ಲಾಟಿನ ಹಣ. ಬರೆದವರಿಗೆ ಕೊಡುವುದು ನೆನಪಿತ್ತು, ನಿಲ್ಲುತ್ತದೆ ಅನ್ನುವುದು ಮರೆತಿತ್ತು.

ಇದು ಟೆಸ್ಟ್ ದಾಟಿ ಹೋಗುವುದಕ್ಕೂ ಕಾರಣ ಇದೆ. ನಾವು ಪರೀಕ್ಷೆ ಮಾಡುವಾಗ ಸಾಮಾನ್ಯವಾಗಿ ಒಂದೇ ಲಾಟ್ ಹಾಕಿ ನೋಡುತ್ತೇವೆ. ಒಂದೇ ಲಾಟ್ ಇದ್ದರೆ ಉತ್ತರ ಸರಿಯಾಗೇ ಬರುತ್ತದೆ. ಆದ್ದರಿಂದ ಲೂಪ್ ಇರುವ ಯಾವ ಫಂಕ್ಷನ್ ಆದರೂ ಖಾಲಿ ಪಟ್ಟಿ, ಒಂದು ಲಾಟ್, ಬೇರೆ ಬೇರೆ ಮೊತ್ತದ ಎರಡು ಲಾಟ್ ಹಾಕಿ ನೋಡಿ. ಎರಡೂ ಲಾಟಿಗೆ ಒಂದೇ ಮೊತ್ತ ಹಾಕಬೇಡಿ. 500, 700 ಹಾಕಿದರೆ ಉತ್ತರ 500 ಬಂತೋ, 700 ಬಂತೋ, 1200 ಬಂತೋ ಅನ್ನುವುದರಲ್ಲೇ ದೋಷದ ಗುರುತು ಸಿಗುತ್ತದೆ. 500 ಬಂದರೆ ರಿಟರ್ನ್ ಲೂಪಿನೊಳಗಿದೆ. 700 ಬಂದರೆ ‘ಮೊತ್ತ = 0’ ಲೂಪಿನೊಳಗೆ ಸೇರಿಕೊಂಡಿದೆ, ಇಲ್ಲವೇ ಕೂಡಿಸುವ ಬದಲು ಬರೀ ತುಂಬುತ್ತಿದ್ದೀರಿ. ಖಾಲಿ ಪಟ್ಟಿಗೆ ಸೊನ್ನೆಯ ಬದಲು ‘ನನ್’ ಬಂದರೂ ರಿಟರ್ನ್ ಒಳಗಿದೆ ಅಂತಲೇ ಅರ್ಥ.

ಇದರ ಜೊತೆಗಾರ ದೋಷ ಹುಡುಕುವ ಫಂಕ್ಷನ್‌ಗಳಲ್ಲಿ ಇರುತ್ತದೆ. ಪಟ್ಟಿಯಲ್ಲಿ ಒಂದು ಹೆಸರು ಇದೆಯೇ ಅಂತ ನೋಡಬೇಕು. ಲೂಪಿನೊಳಗೆ, ಹೆಸರು ಸಿಕ್ಕರೆ ಟ್ರೂ ಕೊಡು, ಎಲ್ಸ್ ಫಾಲ್ಸ್ ಕೊಡು ಅಂತ ಬರೆಯುತ್ತಾರೆ. ಆಗ ಮೊದಲ ಹೆಸರು ನೋಡಿಯೇ ತೀರ್ಮಾನ ಆಗಿಬಿಡುತ್ತದೆ. ‘ಇದೆ’ ಅನ್ನಲು ಒಂದು ಸಿಕ್ಕರೆ ಸಾಕು. ‘ಇಲ್ಲ’ ಅನ್ನಲು ಪೂರ್ತಿ ಪಟ್ಟಿ ನೋಡಿರಬೇಕು. ಹಾಗಾಗಿ ಟ್ರೂ ಲೂಪಿನೊಳಗೆ ಇರಲಿ, ಫಾಲ್ಸ್ ಲೂಪ್ ಮುಗಿದ ಮೇಲೆ ಬರಲಿ.

ಕೆಲವೊಮ್ಮೆ ಮಾತ್ರ ಕೆಡುತ್ತದೆ

ಬೆಳಿಗ್ಗೆಯಿಂದ ಸರಿಯಾಗಿ ನಡೆದ ಪ್ರೋಗ್ರಾಂ ಮಧ್ಯಾಹ್ನ ಒಬ್ಬರ ಬಿಲ್ಲಿಗೆ ಬಂದು ನಿಲ್ಲುತ್ತದೆ. ಮುಂದಿನವರ ಬಿಲ್ಲು ಮತ್ತೆ ಸರಿ. ಹೀಗಾದರೆ ಕಂಪ್ಯೂಟರ್, ಕರೆಂಟು, ನೆಟ್‌ವರ್ಕ್ ಅಂತ ಬೈಯುವ ಮೊದಲು ಈ ಥರದ ಕೋಡ್ ಇದೆಯೇ ನೋಡಿ:

ಡೆಫ್ ದರ_ಹೇಳು(ತೇವ):
    ಇಫ್ ತೇವ <= 12:
        ರಿಟರ್ನ್ 8000
    ಎಲಿಫ್ ತೇವ >= 13 ಅಂಡ್ ತೇವ <= 15:
        ರಿಟರ್ನ್ 7700

ಬರೆದವರು 11, 12, 13, 14 ಹಾಕಿ ನೋಡಿದ್ದಾರೆ. ಎಲ್ಲವೂ ಸರಿ. ಆದರೆ ತೇವಾಂಶದ ಮೀಟರು 12.4 ಅಂತ ತೋರಿಸುತ್ತದೆ. ಆ ಅಂಕಿಗೆ ಇಲ್ಲಿ ದಾರಿಯೇ ಇಲ್ಲ. 16ಕ್ಕೂ ಇಲ್ಲ. ಹೊಸ ತೊಗರಿ ಗಂಜಿಗೆ ಬರುವ ಡಿಸೆಂಬರ್, ಜನವರಿಯಲ್ಲಿ ಒಣಗದ ಕಾಳಿನ ಚೀಲ ಬಂದಾಗಲೇ ಇದು ಹೊರಬೀಳುವುದು. ಬೇಸಿಗೆಯಲ್ಲಿ ಬರೆದು ಪರೀಕ್ಷೆ ಮಾಡಿದವರಿಗೆ ಕಾಣುವುದೇ ಇಲ್ಲ.

ಪತ್ತೆ ಮಾಡುವ ಕ್ರಮ ಸರಳ. ಫಂಕ್ಷನ್‌ನಿಂದ ಹೊರಗೆ ಹೋಗುವ ಬಾಗಿಲುಗಳನ್ನು ಎಣಿಸಿ. ಪ್ರತಿ ರಿಟರ್ನ್ ಒಂದು ಬಾಗಿಲು. ಪ್ರತಿ ರೈಸ್ (ಬೇಕಂತಲೇ ಎರರ್ ಎಬ್ಬಿಸುವ ಸಾಲು) ಒಂದು ಬಾಗಿಲು. ಫಂಕ್ಷನ್‌ನ ಕೊನೆಯ ಸಾಲು ದಾಟಿ ಕೆಳಗೆ ಬೀಳುವುದೂ ಒಂದು ಬಾಗಿಲು. ಎಲ್ಲರೂ ಮರೆಯುವುದು ಈ ಕೊನೆಯದನ್ನೇ. ಮೇಲಿನ ಕೋಡಿನಲ್ಲಿ ಮೂರು ಬಾಗಿಲಿವೆ. ಮೂರನೆಯದರಿಂದ ಯಾವ ಅಂಕಿ ಹೊರಬೀಳಬಹುದು ಅಂತ ಕೇಳಿಕೊಂಡರೆ 12.4 ತಾನಾಗೇ ಹೊಳೆಯುತ್ತದೆ.

ಮುಚ್ಚುವುದು ಹೇಗೆ? ಕೊನೆಗೆ ‘ರಿಟರ್ನ್ 0’ ಹಾಕಿ ಎರರ್ ಹೋಯಿತು ಅಂತ ಸುಮ್ಮನಾಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರರ್ ಬಂದು ನಿಂತಿದ್ದರೆ ಯಾರಾದರೂ ನೋಡುತ್ತಿದ್ದರು. ಸೊನ್ನೆ ದರದ ಬಿಲ್ಲು ಹಾಗೇ ಹೊರಗೆ ಹೋಗುತ್ತದೆ. ವರ್ಷವಿಡೀ ದುಡಿದ ಒಬ್ಬರ ಹಣದ ಪ್ರಶ್ನೆ ಅದು. ಕೊನೆಯ ಸಾಲಿನಲ್ಲಿ ವ್ಯಾಲ್ಯೂ ಎರರ್ ರೈಸ್ ಮಾಡಿ. ಅದರೊಳಗೆ ‘ಈ ತೇವಕ್ಕೆ ದರ ಇಲ್ಲ’ ಅಂತ ಬರೆದು, ಬಂದ ಅಂಕಿಯನ್ನೂ ಸೇರಿಸಿ. ದೋಷ ಸರಿಯಾದ ಮೇಲೂ ಆ ಸಾಲನ್ನು ತೆಗೆಯಬೇಡಿ. ನಡುವಿನ ಖಾಲಿ ಜಾಗ ಮುಚ್ಚಲು ಎರಡನೆಯ ಷರತ್ತನ್ನು ಬರೀ ‘ತೇವ <= 15’ ಅಂತ ಇಡಿ. ಮೊದಲ ಷರತ್ತು ದಾಟಿ ಬಂದದ್ದು ಹೇಗೂ 12ಕ್ಕಿಂತ ಜಾಸ್ತಿಯೇ ಅಲ್ವಾ?

ಜಾವಾದಲ್ಲಿ ಈ ಕಷ್ಟ ಇಲ್ಲ. ಒಂದು ದಾರಿಯಲ್ಲಿ ರಿಟರ್ನ್ ಇಲ್ಲದಿದ್ದರೂ ‘ಮಿಸ್ಸಿಂಗ್ ರಿಟರ್ನ್ ಸ್ಟೇಟ್‌ಮೆಂಟ್’ ಅಂತ ಕಂಪೈಲರೇ ತಡೆಯುತ್ತದೆ. ಸಿ ಭಾಷೆ ತಡೆಯುವುದಿಲ್ಲ. ಅಲ್ಲಿ ಇದು ಇನ್ನೂ ಅಪಾಯ. ಇಂಟ್ ಕೊಡಬೇಕಾದ ಫಂಕ್ಷನ್ ಏನೂ ಕೊಡದೆ ಮುಗಿದು, ಕರೆದವರು ಆ ವ್ಯಾಲ್ಯೂ ಬಳಸಿದರೆ ಏನಾಗುತ್ತದೆ ಅಂತ ಭಾಷೆಯ ನಿಯಮವೇ ಹೇಳುವುದಿಲ್ಲ. ಎಷ್ಟೋ ಸಲ ಸರಿಯಾದ ಉತ್ತರವೇ ಬಂದುಬಿಡುತ್ತದೆ! ಎಕ್ಸ್86 ಪ್ರೊಸೆಸರ್‌ಗಳಲ್ಲಿ ಇಂಟ್ ವ್ಯಾಲ್ಯೂ ವಾಪಸ್ ಬರುವುದು ಇಎಎಕ್ಸ್ ಅನ್ನುವ ರಿಜಿಸ್ಟರ್‌ನಲ್ಲಿ. ಕೊನೆಯ ಲೆಕ್ಕದ ಫಲವೂ ಅಲ್ಲೇ ಉಳಿದಿದ್ದರೆ ರಿಟರ್ನ್ ಇದ್ದಂತೆಯೇ ಕಾಣುತ್ತದೆ. ನಡುವೆ ಒಂದು ಪ್ರಿಂಟ್‌ಎಫ್ ಸೇರಿಸಿದ ಕೂಡಲೇ ಕೆಡುತ್ತದೆ. “ಪ್ರಿಂಟ್‌ಎಫ್ ಹಾಕಿದ್ರ ಉತ್ತರ ಬದಲಾಗ್ತದ” ಅಂತ ಯಾರಾದರೂ ಹೇಳಿದರೆ ನಂಬಿ. ಜಿಸಿಸಿ ಕಂಪೈಲರಿನಲ್ಲಿ ‘ಡಬ್ಲ್ಯು-ಆಲ್’ ಆಯ್ಕೆ ಹಾಕಿ ಕಂಪೈಲ್ ಮಾಡಿದರೆ ಇಂಥ ಕಡೆ ಎಚ್ಚರಿಕೆ ಬರುತ್ತದೆ. ಸಿ ಬರೆಯುವವರು ಆ ಆಯ್ಕೆ ಇಲ್ಲದೆ ಕಂಪೈಲ್ ಮಾಡಲೇಬಾರದು. ಫಂಕ್ಷನ್ ಒಳಗೆ ಮಾಡಿಕೊಂಡ ಅರೇಯ ವಿಳಾಸವನ್ನು ರಿಟರ್ನ್ ಮಾಡುವುದೂ ಅಷ್ಟೇ ಅಪಾಯ. ಫಂಕ್ಷನ್ ಮುಗಿದ ಮೇಲೆ ಆ ಜಾಗ ನಿಮ್ಮದಲ್ಲ. ಕರೆಯುವವರಿಂದಲೇ ಅರೇ ತೆಗೆದುಕೊಂಡು ತುಂಬಿಕೊಡಿ, ಇಲ್ಲವೇ ಫಂಕ್ಷನ್ ಮುಗಿದರೂ ಉಳಿಯುವ ಜಾಗ ಕೊಡುವ ಮ್ಯಾಲಕ್ ಬಳಸಿ.

ಕೊಟ್ಟರೂ ಯಾರೂ ಹಿಡಿಯಲಿಲ್ಲ

ರಿಟರ್ನ್ ಸರಿಯಾಗಿದೆ, ಕರೆದವರು ಅದನ್ನು ಯಾವ ಹೆಸರಿಗೂ ಹಾಕಿಕೊಂಡಿಲ್ಲ. ಹೆಸರಿನ ಹಿಂದೆ ಮುಂದೆ ಇರುವ ಸ್ಪೇಸ್ ತೆಗೆಯಲು ‘ಹೆಸರು.ಸ್ಟ್ರಿಪ್()’ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಸ್ಟ್ರಿಪ್ ಹೊಸ ಅಕ್ಷರಸಾಲು ಕೊಡುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ‘ಹೆಸರು = ಹೆಸರು.ಸ್ಟ್ರಿಪ್()’ ಅಂತ ಇರಬೇಕು. ಇದನ್ನು ಕಲಿತವರು ಪಟ್ಟಿಗೂ ಅದೇ ಮಾಡುತ್ತಾರೆ: ‘ಪಟ್ಟಿ = ಪಟ್ಟಿ.ಸಾರ್ಟ್()’. ಅಲ್ಲಿ ಉಲ್ಟಾ. ಸಾರ್ಟ್ ಅದೇ ಪಟ್ಟಿಯನ್ನು ಜೋಡಿಸಿ ‘ನನ್’ ಕೊಡುತ್ತದೆ. ಪಟ್ಟಿ ಪೂರ್ತಿ ಕಳೆದುಹೋಯಿತು. ಹೊಸ ಪಟ್ಟಿ ಬೇಕಿದ್ದರೆ ಸಾರ್ಟೆಡ್ ಬಳಸಿ.

ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್‌ಗಳಲ್ಲೂ ಇದೇ ದೋಷ. ಒಳಗಿನ ಕರೆಯ ಮುಂದೆ ರಿಟರ್ನ್ ಇಲ್ಲದಿದ್ದರೆ, ಮೊದಲ ಹಂತದಲ್ಲೇ ಮುಗಿಯುವ ಇನ್‌ಪುಟ್‌ಗೆ ಮಾತ್ರ ಉತ್ತರ ಬರುತ್ತದೆ. ಉಳಿದದ್ದಕ್ಕೆಲ್ಲ ‘ನನ್’.

ವೆಬ್ ಪೇಜಿನಲ್ಲಿ, ಎಕ್ಸೆಲ್‌ನಲ್ಲಿ

ಜಾವಾಸ್ಕ್ರಿಪ್ಟಿನಲ್ಲಿ ರಿಟರ್ನ್ ಬರೆದು, ವ್ಯಾಲ್ಯೂವನ್ನು ಮುಂದಿನ ಸಾಲಿಗೆ ಇಳಿಸಿದರೆ ‘ಅನ್‌ಡಿಫೈನ್ಡ್’ ಬರುತ್ತದೆ. ರಿಟರ್ನ್ ಪಕ್ಕ ಸಾಲು ಮುರಿದರೆ ಭಾಷೆಯೇ ಅಲ್ಲೊಂದು ಸೆಮಿಕೋಲನ್ ಹಾಕಿಕೊಳ್ಳುತ್ತದೆ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುವುದರಿಂದ ಇದು ತುಂಬ ಸತಾಯಿಸುತ್ತದೆ. ಉದ್ದ ಲೆಕ್ಕವಿದ್ದರೆ ರಿಟರ್ನ್ ಇರುವ ಸಾಲಿನಲ್ಲೇ ಬ್ರಾಕೆಟ್ ತೆರೆಯಿರಿ. ಬಾಣದ ಗುರುತಿನ ಫಂಕ್ಷನ್‌ಗೆ ಹೂಬ್ರಾಕೆಟ್ ಹಾಕಿದ ಮೇಲೆ ರಿಟರ್ನ್ ಕೈಯಾರೆ ಬರೆಯಬೇಕು. ‘ಫಾರ್‌ಈಚ್’ ಒಳಗೆ ಬರೆದ ರಿಟರ್ನ್ ಒಳಗಿನ ಪುಟ್ಟ ಫಂಕ್ಷನ್‌ನಿಂದ ಹೊರಬರುತ್ತದೆ ಅಷ್ಟೇ, ದೊಡ್ಡ ಫಂಕ್ಷನ್ ನಡೆಯುತ್ತಲೇ ಇರುತ್ತದೆ. ನಿಲ್ಲಬೇಕಿದ್ದರೆ ‘ಫಾರ್-ಆಫ್’ ಲೂಪ್ ಬಳಸಿ.

ಗಂಜಿನ ಎಷ್ಟೋ ಅಂಗಡಿಗಳ ಲೆಕ್ಕ ಇರುವುದು ಎಕ್ಸೆಲ್‌ನಲ್ಲಿ. ಅದರ ಮ್ಯಾಕ್ರೊ ಭಾಷೆ ವಿಬಿಎ ಬೇರೆ ಥರ. ಅಲ್ಲಿ ವ್ಯಾಲ್ಯೂ ಕೊಡಲು ಫಂಕ್ಷನ್‌ನ ಹೆಸರಿಗೇ ಉತ್ತರ ಹಾಕಬೇಕು. ಆ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ವಿಬಿಎ ಸುಮ್ಮನೆ ಹೊಸ ವೇರಿಯಬಲ್ ಮಾಡಿಕೊಂಡು ಉತ್ತರವನ್ನು ಅದಕ್ಕೆ ಹಾಕುತ್ತದೆ. ಸೆಲ್‌ನಲ್ಲಿ ಸೊನ್ನೆ ಕೂರುತ್ತದೆ. ಮಾಡ್ಯೂಲಿನ ಮೊದಲ ಸಾಲಿನಲ್ಲಿ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಬರೆದರೆ ಇಂಥ ತಪ್ಪಿಗೆ ಎರರ್ ಬರುತ್ತದೆ. ಇನ್ನೊಂದು ಮಾತು: ಹೆಸರಿಗೆ ಉತ್ತರ ಹಾಕಿದರೆ ಅಲ್ಲಿಗೆ ಫಂಕ್ಷನ್ ನಿಲ್ಲುವುದಿಲ್ಲ. ಕೆಳಗಿನ ಸಾಲು ಆ ಉತ್ತರವನ್ನು ಬದಲಿಸಬಹುದು. ನಿಲ್ಲಬೇಕಿದ್ದರೆ ‘ಎಕ್ಸಿಟ್ ಫಂಕ್ಷನ್’ ಬೇರೆ ಬರೆಯಬೇಕು.

ಬ್ಯಾಶ್ ಸ್ಕ್ರಿಪ್ಟ್ ಬರೆಯುವವರಿಗೆ: ಅಲ್ಲಿನ ರಿಟರ್ನ್ ಗೆದ್ದೆನೋ ಸೋತೆನೋ ಹೇಳುವುದಕ್ಕೆ ಮಾತ್ರ. 0ಯಿಂದ 255ರವರೆಗೆ ಹಿಡಿಯುತ್ತದೆ. 300 ಚೀಲ ಅಂತ ರಿಟರ್ನ್ ಮಾಡಿದರೆ 44 ಬರುತ್ತದೆ. 256 ಮಾಡಿದರೆ ಸೊನ್ನೆ. ಎಕೋ ಮಾಡಿ, ಕರೆಯುವ ಕಡೆ ಹಿಡಿದುಕೊಳ್ಳಿ.

ಡೇಟಾಬೇಸ್ ಪ್ರೊಸೀಜರ್‌ಗಳು

ಇಲ್ಲಿ ಫಂಕ್ಷನ್ ಬೇರೆ, ಪ್ರೊಸೀಜರ್ (ಡೇಟಾಬೇಸಿನೊಳಗೆ ಉಳಿಸಿಟ್ಟ ಕೆಲಸದ ಸಾಲುಗಳು) ಬೇರೆ. ಆದರೆ ಒಂದೊಂದು ಡೇಟಾಬೇಸಿನ ನಿಯಮ ಒಂದೊಂದು ಥರ. ಒಂದರಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಕೈಕೊಡುತ್ತದೆ.

ಮೈಎಸ್‌ಕ್ಯೂಎಲ್ ಪ್ರೊಸೀಜರ್ ಒಳಗೆ ರಿಟರ್ನ್ ಬರೆದರೆ 1313 ನಂಬರಿನ ಎರರ್ ಬರುತ್ತದೆ, ರಿಟರ್ನ್ ಫಂಕ್ಷನ್‌ಗಳಿಗೆ ಮಾತ್ರ ಅನ್ನುತ್ತದೆ. ಪ್ರೊಸೀಜರ್‌ನಿಂದ ಹೊರಬರಲು ಬಿಗಿನ್‌ಗೆ ಲೇಬಲ್ ಕೊಟ್ಟು ‘ಲೀವ್’ ಬಳಸಿ. ವ್ಯಾಲ್ಯೂ ಕೊಡಲು ‘ಔಟ್’ ಪ್ಯಾರಾಮೀಟರ್ ಇದೆ. ಫಂಕ್ಷನ್ ಒಂದು ದಾರಿಯಲ್ಲಿ ರಿಟರ್ನ್ ಇಲ್ಲದೆ ಮುಗಿದರೆ ಎರರ್ 1321. ಆರಾಕಲ್‌ನಲ್ಲಿ ಇದೇ ದೋಷಕ್ಕೆ ಓಆರ್‌ಎ-06503 ಬರುತ್ತದೆ. ಅಲ್ಲಿ ಪ್ರೊಸೀಜರ್‌ನಲ್ಲಿ ಬರೀ ರಿಟರ್ನ್ ಬರೆಯಬಹುದು, ಪಕ್ಕದಲ್ಲಿ ವ್ಯಾಲ್ಯೂ ಇಡುವಂತಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ರಿಟರ್ನ್ ಕ್ವೆರಿ’ ಅನ್ನುವುದು ಸಾಲುಗಳನ್ನು ಕೂಡಿಸುತ್ತದೆ, ಫಂಕ್ಷನ್ ಅನ್ನು ನಿಲ್ಲಿಸುವುದಿಲ್ಲ. ಅದು ನಿಂತಿತು ಅಂದುಕೊಂಡು ಕೆಳಗೆ ಇನ್ನೊಂದು ‘ರಿಟರ್ನ್ ಕ್ವೆರಿ’ ಬರೆದರೆ ಒಂದೇ ಲಾಟ್ ಎರಡು ಸಲ ಪಟ್ಟಿಗೆ ಬರಬಹುದು.

ಎಸ್‌ಕ್ಯೂಎಲ್ ಸರ್ವರ್ ಪ್ರೊಸೀಜರ್‌ನ ರಿಟರ್ನ್ ಪೂರ್ಣಾಂಕ ಮಾತ್ರ ಕೊಡುತ್ತದೆ. ಕೆಲಸ ಆಯಿತೋ ಇಲ್ಲವೋ ಹೇಳಲು ಇರುವುದು ಅದು, ಸೊನ್ನೆ ಅಂದರೆ ಆಯಿತು. ಬಿಲ್ಲಿನ ಮೊತ್ತವನ್ನು ಅದರಲ್ಲಿ ಕಳಿಸಬೇಡಿ. ‘ಔಟ್‌ಪುಟ್’ ಪ್ಯಾರಾಮೀಟರ್ ಬಳಸಿ.

ಡೇಟಾಬೇಸಿನಲ್ಲಿ ನಿಜವಾಗಿ ನೋವು ಕೊಡುವ ದೋಷ ಬೇರೆಯೇ ಇದೆ. ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕೆಲಸಗಳ ಗುಂಪು) ಶುರು ಮಾಡಿ, ನಡುವೆ ‘ಸ್ಟಾಕ್ ಇಲ್ಲದಿದ್ದರೆ ರಿಟರ್ನ್’ ಅಂತ ಬರೆದಿರುತ್ತಾರೆ. ಆ ದಾರಿಯಲ್ಲಿ ಕಮಿಟ್ (ಖಾಯಂ ಮಾಡುವುದು) ಇಲ್ಲ, ರೋಲ್‌ಬ್ಯಾಕ್ (ರದ್ದು ಮಾಡುವುದು) ಇಲ್ಲ. ಪ್ರೊಸೀಜರ್ ಮುಗಿಯಿತು, ಟ್ರಾನ್ಸಾಕ್ಷನ್ ಮುಗಿಯಲಿಲ್ಲ. ಹಿಡಿದ ಲಾಕ್ ಹಾಗೇ ಇದೆ. ಆ ಬಿಲ್ಲು ಮಾಡಿದವರಿಗೆ ಏನೂ ಗೊತ್ತಾಗುವುದಿಲ್ಲ, ಪಕ್ಕದ ಕೌಂಟರಿನ ಪರದೆ ತಿರುಗುತ್ತಾ ನಿಲ್ಲುತ್ತದೆ. ದೂರು ಬರುವುದೂ ಪಕ್ಕದ ಕೌಂಟರಿನಿಂದಲೇ. ಎಸ್‌ಕ್ಯೂಎಲ್ ಸರ್ವರ್ ಆದರೆ 266 ನಂಬರಿನ ಎರರ್ ಲಾಗ್‌ನಲ್ಲಿದೆಯೇ ಹುಡುಕಿ. ಬಿಗಿನ್ ಮತ್ತು ಕಮಿಟ್ ಲೆಕ್ಕ ತಾಳೆಯಾಗಿಲ್ಲ ಅಂತ ಅದರರ್ಥ. ಆಮೇಲೆ ಬಾಗಿಲು ಎಣಿಸುವ ಅದೇ ಕ್ರಮ: ಟ್ರಾನ್ಸಾಕ್ಷನ್ ಶುರುವಾದ ಸಾಲಿನ ಕೆಳಗಿರುವ ಪ್ರತಿ ರಿಟರ್ನ್ ಮೇಲೆ ಬೆರಳಿಟ್ಟು, ಅದಕ್ಕಿಂತ ಮೊದಲು ರೋಲ್‌ಬ್ಯಾಕ್ ಇದೆಯೇ ನೋಡಿ. ತಪಾಸಣೆಗಳನ್ನೆಲ್ಲ ಟ್ರಾನ್ಸಾಕ್ಷನ್‌ಗೆ ಮೊದಲೇ ಮುಗಿಸಲು ಆದರೆ ಇನ್ನೂ ಒಳ್ಳೆಯದು. ಸ್ಟಾಕ್ ತಪಾಸಣೆ ಮಾತ್ರ ಒಳಗೇ ಇರಬೇಕಾಗಬಹುದು, ಇಲ್ಲದಿದ್ದರೆ ನೋಡಿದ ಮೇಲೆ ಬೇರೆಯವರು ಸ್ಟಾಕ್ ತೆಗೆದುಬಿಡುತ್ತಾರೆ.

ಪೈಥಾನ್‌ನಲ್ಲಿ ಫೈಲಿಗೂ ಇದೇ ಮಾತು. ‘ವಿತ್’ ಬಳಸಿದರೆ ನಡುವೆ ರಿಟರ್ನ್ ಬಂದರೂ ಫೈಲು ಮುಚ್ಚುತ್ತದೆ. ಆದರೆ ‘ಫೈನಲಿ’ ಒಳಗೆ ರಿಟರ್ನ್ ಬರೆಯಬೇಡಿ. ಅದು ಮೇಲೆ ಬಂದ ಎರರ್ ಅನ್ನೂ ನುಂಗುತ್ತದೆ, ಟ್ರೈ ಒಳಗಿನ ರಿಟರ್ನ್ ಅನ್ನೂ ನುಂಗುತ್ತದೆ. ಪೈಥಾನ್ 3.14ರಿಂದ ಹೀಗೆ ಬರೆದರೆ ಭಾಷೆಯೇ ಎಚ್ಚರಿಕೆ ಕೊಡುತ್ತದೆ.

ಯಂತ್ರದಿಂದಲೇ ಹುಡುಕಿಸಿ

ಹಳೆಯ ಪ್ರಾಜೆಕ್ಟ್ ಕೈಗೆ ಬಂದಾಗ ಪ್ರತಿ ಫಂಕ್ಷನ್ ಕಣ್ಣಲ್ಲಿ ನೋಡಲು ಆಗುವುದಿಲ್ಲ. ಪೈಥಾನ್‌ಗೆ ಪೈಲಿಂಟ್ ಓಡಿಸಿ. ಕೆಲವು ದಾರಿಯಲ್ಲಿ ವ್ಯಾಲ್ಯೂ ಕೊಟ್ಟು ಕೆಲವು ದಾರಿಯಲ್ಲಿ ಕೊಡದ ಫಂಕ್ಷನ್‌ಗಳನ್ನು ಅದು ಆರ್1710 ಅನ್ನುವ ಗುರುತಿನಲ್ಲಿ ಪಟ್ಟಿ ಮಾಡುತ್ತದೆ. ಫಂಕ್ಷನ್ ಏನು ಕೊಡುತ್ತದೆ ಅಂತ ಟೈಪ್ ಬರೆದಿದ್ದರೆ ಮೈಪೈ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಜಾವಾಸ್ಕ್ರಿಪ್ಟಿಗೆ ಇಎಸ್‌ಲಿಂಟ್‌ನಲ್ಲಿ ‘ಕನ್ಸಿಸ್ಟೆಂಟ್-ರಿಟರ್ನ್’ ಮತ್ತು ‘ನೋ-ಅನ್‌ರೀಚಬಲ್’ ಎರಡನ್ನೂ ಹಾಕಿಕೊಳ್ಳಿ. ಎರಡನೆಯದು ರಿಟರ್ನ್ ಕೆಳಗೆ ಉಳಿದ, ಎಂದೂ ನಡೆಯದ ಸಾಲುಗಳನ್ನು ತೋರಿಸುತ್ತದೆ.

ಲೂಪಿನೊಳಗೆ ಸರಿದ ರಿಟರ್ನ್ ಅನ್ನು ಮಾತ್ರ ಈ ಸಾಧನಗಳು ನಂಬುವಷ್ಟು ಹಿಡಿಯುವುದಿಲ್ಲ. ಬೇಕಂತಲೇ ಹಾಗೆ ಬರೆಯುವ ಸಂದರ್ಭವೂ ಇರುವುದರಿಂದ ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೆ 500, 700ರ ಎರಡು ಲಾಟಿನ ಟೆಸ್ಟೇ ಬೇಕು. ಎಚ್ಚರಿಕೆಗಳ ಪಟ್ಟಿ ತೀರಾ ಉದ್ದ ಬಂದರೆ ತೂಕ, ದರ, ಮೊತ್ತ ಮುಟ್ಟುವ ಫೈಲುಗಳಿಂದ ಶುರು ಮಾಡಿ. ಬಣ್ಣ, ಮೆನು, ಅಚ್ಚಿನ ವಿನ್ಯಾಸದ ಫೈಲುಗಳನ್ನು ಆಮೇಲೆ ನೋಡಿದರಾಯಿತು.